ಬೇರೆ ಪ್ರೊಸೆಸರ್‌ನಲ್ಲಿ ಮಾತ್ರ ಮುಗ್ಗರಿಸುವ ಪ್ಯಾಕೇಜು

ಲಿನಕ್ಸ್ ವಿತರಣೆಗಳಲ್ಲಿ ಪ್ಯಾಕೇಜುಗಳನ್ನು ನೋಡಿಕೊಳ್ಳುವವರಿಗೆ ಚೆನ್ನಾಗಿ ಗೊತ್ತಿರುವ ತಲೆನೋವೊಂದಿದೆ. ಹೊಸ ಆವೃತ್ತಿಯ ಸೋರ್ಸ್ ಕೋಡ್ ಏರಿಸಿದ ಕೂಡಲೇ ಬಿಲ್ಡ್ ಸರ್ವರ್‌ಗಳು ಪ್ರತಿಯೊಂದು ಆರ್ಕಿಟೆಕ್ಚರ್‌ಗೂ (ಪ್ರೊಸೆಸರ್ ಬಗೆಗೂ) ಅದನ್ನು ಬೇರೆಬೇರೆಯಾಗಿ ಕಂಪೈಲ್ ಮಾಡಿ, ಜೊತೆಗಿರುವ ಪರೀಕ್ಷೆಗಳನ್ನು ಓಡಿಸುತ್ತವೆ. ಇಂಟೆಲ್, ಎಎಂಡಿ ಯಂತ್ರಗಳ ಎಕ್ಸ್86-64ರಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಆರ್ಮ್64, ರಿಸ್ಕ್-ಫೈವ್ ಅಥವಾ ಐಬಿಎಂ ಮೇನ್‌ಫ್ರೇಮ್‌ನ ಎಸ್390ಎಕ್ಸ್‌ನಲ್ಲಿ ಮಾತ್ರ ನೂರಾರು ಪರೀಕ್ಷೆಗಳ ನಡುವೆ ಒಂದೋ ಎರಡೋ ವಿಫಲವಾಗಿರುತ್ತವೆ. ಆಗ ಮೂಲ ಲೇಖಕರಿಂದ ಸಾಮಾನ್ಯವಾಗಿ ಬರುವ ಉತ್ತರ, "ನನ್ನ ಯಂತ್ರದಲ್ಲಿ ಓಡುತ್ತದೆ, ಆ ಪ್ರೊಸೆಸರ್‌ನದೇ ಏನೋ ತೊಂದರೆ ಇರಬೇಕು" ಎಂಬುದು. ಈ ಉತ್ತರ ಸರಿಯಾಗಿರುವ ಸಂದರ್ಭಗಳು ಇಲ್ಲವೆಂದಲ್ಲ, ಆದರೆ ಅವು ವಿರಳ. ಬಹುಪಾಲು ಸಲ ದೋಷ ಮೊದಲಿನಿಂದಲೂ ಕೋಡಿನಲ್ಲಿಯೇ ಇದ್ದು, ಎಕ್ಸ್86ರ ಸಡಿಲ ನಡವಳಿಕೆ ಅದನ್ನು ಮುಚ್ಚಿಟ್ಟಿರುತ್ತದೆ. ಇನ್ನೊಂದು ಪ್ರೊಸೆಸರ್ ಮುಚ್ಚಿಡಲು ಒಪ್ಪುವುದಿಲ್ಲ, ಅಷ್ಟೆ. ಆದ್ದರಿಂದ ಇಂಥ ದೋಷವನ್ನು ಹುಡುಕುವುದೆಂದರೆ, ಕೋಡ್ ಬರೆದವರು ತಮಗೇ ತಿಳಿಯದಂತೆ ನಂಬಿಕೊಂಡಿದ್ದ ಸಂಗತಿ ಯಾವುದು ಎಂದು ಪತ್ತೆ ಹಚ್ಚುವುದೇ ಆಗಿದೆ.

ಹತ್ತು ವರ್ಷಗಳ ಹಿಂದೆ ಈ ವಿಷಯ ಕೆಲವೇ ಆಸಕ್ತರ ಚರ್ಚೆಯಾಗಿತ್ತು. ಅಮೆಜಾನ್ 2018ರಲ್ಲಿ ತನ್ನ ಕ್ಲೌಡ್‌ನಲ್ಲಿ ಗ್ರಾವಿಟಾನ್ ಎಂಬ ಆರ್ಮ್ ಪ್ರೊಸೆಸರ್ ತಂದಿತು. ಆಪಲ್ 2020ರ ಜೂನ್‌ನಲ್ಲಿ ಇಂಟೆಲ್‌ನಿಂದ ಹೊರಬರುವುದಾಗಿ ಘೋಷಿಸಿ, ಅದೇ ನವೆಂಬರ್‌ನಲ್ಲಿ ಎಂ1 ಯಂತ್ರಗಳನ್ನು ಮಾರುಕಟ್ಟೆಗೆ ಬಿಟ್ಟಿತು. 2025ರ ಆಗಸ್ಟ್‌ನಲ್ಲಿ ಬಂದ, ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ 13ನೇ ಆವೃತ್ತಿ, ರಿಸ್ಕ್-ಫೈವ್ ಅನ್ನು ಮೊದಲ ಬಾರಿಗೆ ಅಧಿಕೃತ ಆರ್ಕಿಟೆಕ್ಚರ್‌ಗಳ ಸಾಲಿಗೆ ಸೇರಿಸಿಕೊಂಡಿತು. ಬರೆಯುವ ಯಂತ್ರ ಒಂದು, ಬಿಲ್ಡ್ ಆಗುವ ಯಂತ್ರ ಇನ್ನೊಂದು, ಓಡುವ ಯಂತ್ರ ಮತ್ತೊಂದು ಎಂಬ ಸ್ಥಿತಿ ಈಗ ಸಾಧಾರಣ ವೆಬ್ ಸೇವೆ ಬರೆಯುವವರಿಗೂ ಬಂದಿದೆ.

ಡೀಬಗರ್ ತೆರೆಯುವ ಮೊದಲು ಬಿಲ್ಡ್ ಲಾಗ್ ಅನ್ನು ನಿಧಾನವಾಗಿ ಓದುವುದು ಒಳ್ಳೆಯದು, ಏಕೆಂದರೆ "ಆರ್ಕಿಟೆಕ್ಚರ್ ಸಮಸ್ಯೆ" ಎಂದು ದಾಖಲಾಗುವುದರಲ್ಲಿ ಒಂದಷ್ಟು ಪಾಲು ಆ ಮಟ್ಟಕ್ಕೆ ಹೋಗುವುದೇ ಇಲ್ಲ. 32-ಬಿಟ್ ಪ್ರಕ್ರಿಯೆಯೊಂದಕ್ಕೆ ಸಿಗುವ ವಿಳಾಸಗಳ ವ್ಯಾಪ್ತಿ ಹೆಚ್ಚೆಂದರೆ 4 ಜಿಬಿ. ದೊಡ್ಡ ಸಿ++ ಪ್ಯಾಕೇಜನ್ನು ಡೀಬಗ್ ಮಾಹಿತಿಯೊಡನೆ ಲಿಂಕ್ ಮಾಡುವಾಗ ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಆ ಮಿತಿಗೆ ತಲೆ ಬಡಿದುಕೊಂಡು ಸಾಯುತ್ತದೆ. ನಿಧಾನ ಯಂತ್ರದಲ್ಲಿ ಪರೀಕ್ಷೆಯ ಸಮಯಮಿತಿ ಮೀರುತ್ತದೆ. ಇನ್ನೂ ಹೆಚ್ಚಾಗಿ ಕಾಣುವುದು, ಹೆಸರು ಎರಡು ಅಡಿಗೆರೆಯಿಂದ ಶುರುವಾಗುವ ಯಾವುದೋ ಅಟಾಮಿಕ್ (ನಡುವೆ ಯಾರೂ ತಲೆಹಾಕದಂತೆ ಒಂದೇ ಏಟಿಗೆ ಮುಗಿಯುವ ಕ್ರಿಯೆಯ) ಫಂಕ್ಷನ್ ಸಿಗಲಿಲ್ಲ ಎಂಬ ಲಿಂಕರ್ ದೂರು. ಹಳೆಯ 32-ಬಿಟ್ ಆರ್ಮ್‌ನಲ್ಲಿ 8 ಬೈಟ್‌ನ ಅಟಾಮಿಕ್ ಕ್ರಿಯೆಗೆ ಯಂತ್ರಸೂಚನೆಯೇ ಇಲ್ಲದಿರುವುದರಿಂದ ಕಂಪೈಲರ್ ಆ ಕೆಲಸವನ್ನು ಲಿಬ್‌ಅಟಾಮಿಕ್ ಎಂಬ ಲೈಬ್ರರಿಗೆ ಒಪ್ಪಿಸುತ್ತದೆ. ಜಿಸಿಸಿ ಎಂಬ ಕಂಪೈಲರ್‌ನ ಹಳೆಯ ಆವೃತ್ತಿಗಳು ರಿಸ್ಕ್-ಫೈವ್‌ನಲ್ಲಿ 1 ಬೈಟ್‌ನ ಅಟಾಮಿಕ್‌ಗಳಿಗೂ ಹಾಗೆಯೇ ಮಾಡುತ್ತಿದ್ದವು. ಎಕ್ಸ್86ರಲ್ಲಿ ಆ ಲೈಬ್ರರಿಯನ್ನು ಕೂಡಿಸದಿದ್ದರೂ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಬಿಲ್ಡ್ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು. ಇಂಥವನ್ನೆಲ್ಲ ಬದಿಗಿಟ್ಟ ಮೇಲೆ ಉಳಿಯುವುದೇ ನಿಜವಾದ ಕೆಲಸ.

ಮುಚ್ಚಿಟ್ಟ ದೋಷ ಎಂದರೇನು ಎಂಬುದಕ್ಕೆ ಸಿ ಭಾಷೆಯ ಕ್ಯಾರ್ ಎಂಬ ಪ್ರಕಾರಕ್ಕಿಂತ ಸರಳವಾದ ಉದಾಹರಣೆ ಸಿಗಲಾರದು. ಒಂದು ಬೈಟ್‌ನ ಈ ಪ್ರಕಾರಕ್ಕೆ ಋಣ ಸಂಖ್ಯೆಗಳು ಇರಬೇಕೋ ಬೇಡವೋ ಎಂಬುದನ್ನು ಭಾಷೆಯ ಮಾನಕ ನಿರ್ಧರಿಸದೆ ಬಿಟ್ಟಿದೆ. ಲಿನಕ್ಸ್‌ನಲ್ಲಿ ಎಕ್ಸ್86 ಮೇಲೆ ಅದರ ವ್ಯಾಪ್ತಿ -128ರಿಂದ 127. ಆರ್ಮ್, ಪವರ್, ಎಸ್390ಎಕ್ಸ್, ರಿಸ್ಕ್-ಫೈವ್‌ಗಳಲ್ಲಿ 0ಯಿಂದ 255. ಈಗ ಕಡತವೊಂದನ್ನು ಗೆಟ್‌ಚಾರ್ ಫಂಕ್ಷನ್‌ನಿಂದ ಒಂದೊಂದೇ ಅಕ್ಷರವಾಗಿ ಓದುವ ಲೂಪ್ ಇದೆಯೆಂದುಕೊಳ್ಳೋಣ. ಕಡತ ಮುಗಿದಾಗ ಆ ಫಂಕ್ಷನ್ -1 ಹಿಂದಿರುಗಿಸುತ್ತದೆ. ಅದನ್ನು ಇಂಟ್ ಎಂಬ ದೊಡ್ಡ ಪ್ರಕಾರದಲ್ಲಿ ಇಟ್ಟುಕೊಳ್ಳಬೇಕಾದ ಕಡೆ ಬರೆದವರು ಕ್ಯಾರ್‌ನಲ್ಲಿ ಇಟ್ಟಿದ್ದರೆ, ಆರ್ಮ್‌ನಲ್ಲಿ -1 ಎಂಬುದು 255 ಆಗಿ, -1ಕ್ಕೆ ಎಂದೂ ಸಮವಾಗದೆ, ಲೂಪ್ ಕೊನೆಯೇ ಇಲ್ಲದೆ ಸುತ್ತುತ್ತದೆ. ಬಿಲ್ಡ್ ಲಾಗ್‌ನಲ್ಲಿ ಇದು ಕಾಣುವುದು ಸಮಯಮಿತಿ ಮೀರಿದ ಪರೀಕ್ಷೆಯಾಗಿ, ಹಾಗಾಗಿ ನಿಧಾನ ಯಂತ್ರದ ಮೇಲೆ ಆರೋಪ ಹೊರಿಸುವುದೂ ಸುಲಭ. ಆದರೆ ಎಕ್ಸ್86ರಲ್ಲಿ ಇದೇ ಕೋಡ್ ಸರಿಯಾಗಿದೆಯೇ? ಇಲ್ಲ. ಕಡತದ ನಡುವೆ 255 ಬೆಲೆಯ ಬೈಟ್ ಬಂದರೆ ಅಲ್ಲಿ ಅದು -1 ಆಗಿ, ಕಡತ ಮುಗಿಯಿತೆಂದು ಪ್ರೋಗ್ರಾಮ್ ತಪ್ಪು ತಿಳಿದು, ಉಳಿದ ದತ್ತಾಂಶವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಅಪಾಯಕಾರಿ ಎಂದು ಕೇಳಿದರೆ ನಾನು ಎಕ್ಸ್86ನ್ನೇ ತೋರಿಸುತ್ತೇನೆ. ಆರ್ಮ್‌ನಲ್ಲಾದರೂ ತಪ್ಪು ಆಗಿದೆಯೆಂದು ತಿಳಿಯುತ್ತದೆ.

ಬೈಟ್‌ಗಳ ಅನುಕ್ರಮದ ಕಥೆಯೂ ಇದೇ ಜಾತಿಯದು, ಆದರೆ ಹೆಚ್ಚು ಸೂಕ್ಷ್ಮವಾದದ್ದು. ಸಂಖ್ಯೆಯ ಕಿರಿಯ ಬೈಟನ್ನು ಮೊದಲು ಇಡುವ ಲಿಟಲ್ ಎಂಡಿಯನ್ ಕ್ರಮವನ್ನು ಇಂದಿನ ಬಹುತೇಕ ಯಂತ್ರಗಳು ಅನುಸರಿಸುತ್ತವೆ. ಹಿರಿಯ ಬೈಟನ್ನು ಮೊದಲು ಇಡುವ ಬಿಗ್ ಎಂಡಿಯನ್ ಕ್ರಮದ್ದು ಡೆಬಿಯನ್‌ನ ಅಧಿಕೃತ ಪಟ್ಟಿಯಲ್ಲಿ ಎಸ್390ಎಕ್ಸ್ ಒಂದೇ. ಕಡತಕ್ಕೆ ಅಥವಾ ಜಾಲಕ್ಕೆ ಸಂಖ್ಯೆಯನ್ನು ಮೆಮೊರಿಯಲ್ಲಿ ಇದ್ದ ಹಾಗೆಯೇ ಬರೆದು, ಇನ್ನೊಂದು ಕ್ರಮದ ಯಂತ್ರದಲ್ಲಿ ಓದಿದರೆ ಬೈಟ್‌ಗಳು ತಲೆಕೆಳಗಾಗುತ್ತವೆ. ಲಾಗ್‌ನಲ್ಲಿ 1 ಬರಬೇಕಾದ ಕಡೆ 16777216 ಕಂಡರೆ ಅನುಭವಿಗಳು ಮುಂದೆ ಓದುವುದೇ ಇಲ್ಲ, ನೇರವಾಗಿ ಓದು-ಬರಹದ ಕೋಡಿಗೆ ಹೋಗುತ್ತಾರೆ, ಏಕೆಂದರೆ 4 ಬೈಟ್‌ನ 1ನ್ನು ತಿರುಗಿಸಿದರೆ ಸಿಗುವುದು ಅದೇ ಸಂಖ್ಯೆ. ಇದಕ್ಕೆ ಪರಿಹಾರವಾಗಿ ಪ್ರತಿ ಆರ್ಕಿಟೆಕ್ಚರ್‌ಗೂ ಷರತ್ತು ಬರೆಯುವ ಅಭ್ಯಾಸವೊಂದಿದೆ. ಅದು ಬೇಕಾಗಿಲ್ಲ: ಬೈಟ್‌ಗಳನ್ನು ಒಂದೊಂದಾಗಿ ಓದಿ, ಶಿಫ್ಟ್ ಮಾಡಿ ಕೂಡಿಸಿದರೆ, ಯಂತ್ರದ ಕ್ರಮ ಯಾವುದೆಂದು ಕೋಡಿಗೆ ತಿಳಿಯಬೇಕಾದ ಅಗತ್ಯವೇ ಬೀಳುವುದಿಲ್ಲ, ಇಂದಿನ ಕಂಪೈಲರ್‌ಗಳು ಅದನ್ನು ಒಂದೇ ಸೂಚನೆಗೆ ಇಳಿಸುವಷ್ಟು ಜಾಣವಾಗಿವೆ.

ಆದರೆ ಎಸ್390ಎಕ್ಸ್‌ನಲ್ಲಿ ಬೀಳುವ ಪ್ಯಾಕೇಜುಗಳನ್ನು ಬಿಡಿಸಿ ನೋಡಿದಾಗ ಕಡತಕ್ಕೂ ಜಾಲಕ್ಕೂ ಸಂಬಂಧವೇ ಇಲ್ಲದ ಇನ್ನೊಂದು ಬಗೆಯ ತಪ್ಪು ಪದೇಪದೇ ಎದುರಾಗುತ್ತದೆ. ಒಂದು ಫಂಕ್ಷನ್ 4 ಬೈಟ್‌ನ ಇಂಟ್‌ನ ವಿಳಾಸವನ್ನು ನಿರೀಕ್ಷಿಸುತ್ತದೆ, ಕರೆದವರು 8 ಬೈಟ್‌ನ ಲಾಂಗ್‌ನ ವಿಳಾಸವನ್ನು ಕಾಸ್ಟ್ ಮಾಡಿ (ಪ್ರಕಾರ ಬದಲಿಸಿ ತೋರಿಸಿ) ಕೊಟ್ಟಿರುತ್ತಾರೆ. ಲಾಂಗ್‌ನಲ್ಲಿ ಮೊದಲು ಸೊನ್ನೆ ಇತ್ತೆಂದೂ ಫಂಕ್ಷನ್ ಅಲ್ಲಿ 5 ಬರೆಯಿತೆಂದೂ ಇಟ್ಟುಕೊಳ್ಳೋಣ. ಲಿಟಲ್ ಎಂಡಿಯನ್ ಯಂತ್ರದಲ್ಲಿ ಆ 4 ಬೈಟ್‌ಗಳು ಲಾಂಗ್‌ನ ಕಿರಿಯ ಅರ್ಧವೇ ಆಗಿರುವುದರಿಂದ ಉತ್ತರ 5 ಎಂದೇ ಬರುತ್ತದೆ. ಎಸ್390ಎಕ್ಸ್‌ನಲ್ಲಿ ಅವು ಹಿರಿಯ ಅರ್ಧದಲ್ಲಿ ಕೂತು, ಉತ್ತರ 21474836480 ಆಗುತ್ತದೆ. ಇಲ್ಲಿ ತಪ್ಪಿರುವುದು ಗಾತ್ರ. ಬೈಟ್ ಕ್ರಮ ಅದನ್ನು ಬೆಳಕಿಗೆ ತಂದಿತಷ್ಟೆ. ಲಾಂಗ್‌ಗೆ ಸೊನ್ನೆ ತುಂಬುವುದನ್ನು ಮರೆತ ದಿನ ಎಕ್ಸ್86ರಲ್ಲಿಯೂ ಹಿರಿಯ ಅರ್ಧದಲ್ಲಿ ಹಳೆಯ ಕಸ ಉಳಿದು, ಆಗೊಮ್ಮೆ ಈಗೊಮ್ಮೆ ಮಾತ್ರ ಕಾಣುವ, ಯಾರೂ ಮರುಸೃಷ್ಟಿಸಲಾಗದ ವರದಿಯೊಂದು ಹುಟ್ಟಿಕೊಳ್ಳುತ್ತದೆ. ಬಳಕೆದಾರರೇ ಇಲ್ಲದ ಆರ್ಕಿಟೆಕ್ಚರ್ ಎಂದು ಎಸ್390ಎಕ್ಸ್ ವರದಿಗಳನ್ನು ತಳ್ಳಿಹಾಕುವವರು ಈ ಲೆಕ್ಕವನ್ನು ಹಾಕಿರುವುದಿಲ್ಲ.

ಸಂಖ್ಯಾಗಣಿತದಲ್ಲಿ ಹೊಣೆ ಹಂಚುವುದು ಇಷ್ಟು ಸುಲಭವಲ್ಲ. ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಎಕ್ಸ್86 ಪ್ರೋಗ್ರಾಮನ್ನು ಕೊಲ್ಲುತ್ತದೆ, ಆರ್ಮ್64 ಸೊನ್ನೆ ಕೊಡುತ್ತದೆ, ರಿಸ್ಕ್-ಫೈವ್ ಎಲ್ಲ ಬಿಟ್‌ಗಳೂ 1 ಆಗಿರುವ ಸಂಖ್ಯೆಯನ್ನು, ಅಂದರೆ -1ನ್ನು ಕೊಡುತ್ತದೆ. ಇಲ್ಲಿ ಮಾತ್ರ ಪಾತ್ರಗಳು ಅದಲುಬದಲಾಗಿ, ಎಕ್ಸ್86 ಕಟ್ಟುನಿಟ್ಟಿನದಾಗಿದೆ. -1.0 ಎಂಬ ದಶಮಾಂಶವನ್ನು ಋಣವಿಲ್ಲದ 32-ಬಿಟ್ ಪೂರ್ಣಾಂಕಕ್ಕೆ ಬದಲಿಸಿದರೆ ಎಕ್ಸ್86-64ರಲ್ಲಿ ಸಾಮಾನ್ಯವಾಗಿ 4294967295, ಆರ್ಮ್64ರಲ್ಲಿ 0. ಭಾಷೆಯ ಪ್ರಕಾರ ಎರಡೂ ಸಲ್ಲುತ್ತವೆ, ಏಕೆಂದರೆ ಅಂಥ ಬದಲಾವಣೆಗೆ ಅರ್ಥವನ್ನೇ ಅದು ಕೊಟ್ಟಿಲ್ಲ. ಲಾಂಗ್ ಡಬಲ್ ಎಂಬ ಪ್ರಕಾರವಂತೂ ಎಕ್ಸ್86ರಲ್ಲಿ 80 ಬಿಟ್, ಲಿನಕ್ಸ್‌ನ ಆರ್ಮ್64ರಲ್ಲಿ 128 ಬಿಟ್, 32-ಬಿಟ್ ಆರ್ಮ್‌ನಲ್ಲಿ 64 ಬಿಟ್.

ಇವೆಲ್ಲಕ್ಕಿಂತ ಹೆಚ್ಚು ವೈಜ್ಞಾನಿಕ ಪ್ಯಾಕೇಜುಗಳನ್ನು ಕಾಡುವುದು ಗುಣಾಕಾರ ಮತ್ತು ಸಂಕಲನವನ್ನು ಒಟ್ಟಿಗೆ ಮಾಡಿ ಒಂದೇ ಸಲ ದುಂಡಾಗಿಸುವ ಎಫ್‌ಎಂಎ ಸೂಚನೆ. ಆರ್ಮ್64, ಪವರ್, ಎಸ್390ಎಕ್ಸ್ ಮತ್ತು ರಿಸ್ಕ್-ಫೈವ್‌ಗಳಲ್ಲಿ ಅದು ಸಿದ್ಧವಾಗಿರುವುದರಿಂದ ಜಿಸಿಸಿ ಕೇಳದೆಯೇ ಬಳಸುತ್ತದೆ. ಎಕ್ಸ್86-64ರ ಮೂಲ ಸೂಚನಾಪಟ್ಟಿಯಲ್ಲಿ ಅದಿಲ್ಲ. x ವರ್ಗದಿಂದ y ವರ್ಗ ಕಳೆದು ವರ್ಗಮೂಲ ತೆಗೆಯುವ ಸಾಲೊಂದನ್ನು ನೋಡಿ. ಎರಡೂ ಸಂಖ್ಯೆಗಳು ಒಂದೇ ಆಗಿದ್ದರೆ ಎಕ್ಸ್86ರಲ್ಲಿ ಎರಡು ಗುಣಲಬ್ಧಗಳೂ ಒಂದೇ ರೀತಿ ದುಂಡಾಗಿ, ವ್ಯತ್ಯಾಸ ಸೊನ್ನೆಯಾಗುತ್ತದೆ. ಎಫ್‌ಎಂಎ ಬಳಸಿದಾಗ ಒಂದು ಗುಣಲಬ್ಧ ದುಂಡಾಗಿರುತ್ತದೆ, ಇನ್ನೊಂದು ಪೂರ್ಣ ನಿಖರತೆಯಲ್ಲಿ ಇರುತ್ತದೆ; ವ್ಯತ್ಯಾಸ ಅತಿ ಸಣ್ಣ ಋಣ ಸಂಖ್ಯೆಯಾಗಬಹುದು, ಅದರ ವರ್ಗಮೂಲ "ಸಂಖ್ಯೆಯಲ್ಲ" ಎಂಬ ವಿಶೇಷ ಬೆಲೆಯಾಗಿ ಮುಂದಿನ ಲೆಕ್ಕಗಳಿಗೆಲ್ಲ ಹರಡುತ್ತದೆ. ಎಫ್‌ಎಂಎ ಸಂಕುಚನವನ್ನು ನಿಲ್ಲಿಸುವ ಆಯ್ಕೆಯನ್ನು ಕಂಪೈಲರ್‌ಗೆ ಕೊಟ್ಟು ಮರುಬಿಲ್ಡ್ ಮಾಡಿದಾಗ ಪರೀಕ್ಷೆ ಪಾಸಾದರೆ ಕಾರಣ ಖಚಿತವಾಯಿತು. ಪರಿಹಾರ ಮಾತ್ರ ಆ ಆಯ್ಕೆಯೇ ಆಗಬೇಕಿಲ್ಲ: ಕೊನೆಯ ಅಂಕಿಯವರೆಗೂ ಹೊಂದಬೇಕೆಂದು ಪರೀಕ್ಷೆ ಹಠ ಹಿಡಿದಿದ್ದರೆ ಪರೀಕ್ಷೆಯನ್ನು ಸಡಿಲಿಸಬೇಕು, ಋಣ ಸಂಖ್ಯೆಯ ವರ್ಗಮೂಲಕ್ಕೆ ಹೋಗುತ್ತಿದ್ದರೆ ಸೂತ್ರವನ್ನೇ ತಿದ್ದಬೇಕು. ಇವೆರಡರ ನಡುವಿನ ಭೇದವನ್ನು ಗುರುತಿಸಲು ಆ ಗಣಿತ ಗೊತ್ತಿರುವವರೇ ಬೇಕು, ಪ್ಯಾಕೇಜು ಕಟ್ಟುವವರು ಒಬ್ಬರೇ ತೀರ್ಮಾನಿಸುವ ಸಂಗತಿ ಇದಲ್ಲ.

ಆರ್ಕಿಟೆಕ್ಚರ್‌ನ ಹೆಸರು ಒಂದೇ ಆಗಿದ್ದ ಮಾತ್ರಕ್ಕೆ ಯಂತ್ರಗಳು ಒಂದೇ ಎಂದು ಭಾವಿಸುವುದೂ ತಪ್ಪು. ಎಕ್ಸ್86ರಲ್ಲಿ ಮೆಮೊರಿ ಪುಟದ ಮೂಲ ಗಾತ್ರ 4096 ಬೈಟ್. ಆರ್ಮ್64ರಲ್ಲಿ ಕರ್ನೆಲ್ ಕಟ್ಟಿದವರ ಆಯ್ಕೆಯಂತೆ ಅದು 4, 16 ಅಥವಾ 64 ಕೆಬಿ ಆಗಬಹುದು. ಆಪಲ್ ಸಿಲಿಕಾನ್ ಮೇಲಿನ ಅಸಾಹಿ ಲಿನಕ್ಸ್ 16 ಕೆಬಿ ಬಳಸುತ್ತದೆ, ರಾಸ್ಪ್‌ಬೆರಿ ಪೈ 5 ಕೂಡ ಅದೇ ಗಾತ್ರದ ಕರ್ನೆಲ್‌ನೊಂದಿಗೆ ಬರುತ್ತದೆ, ಆಂಡ್ರಾಯ್ಡ್ 15ರಿಂದ 16 ಕೆಬಿ ಪುಟಗಳ ಫೋನ್‌ಗಳಿಗೂ ಬೆಂಬಲ ಇದೆ. ಜೆಮ್ಯಾಲಾಕ್ ಎಂಬ ಪ್ರಸಿದ್ಧ ಮೆಮೊರಿ ಹಂಚಿಕೆಯ ಲೈಬ್ರರಿ ಪುಟದ ಗಾತ್ರವನ್ನು ಬಿಲ್ಡ್ ಸಮಯದಲ್ಲಿಯೇ ನಿಗದಿಪಡಿಸಿಕೊಳ್ಳುತ್ತದೆ. 4 ಕೆಬಿ ಯಂತ್ರದಲ್ಲಿ ಕಟ್ಟಿದ ಆರ್ಮ್64 ಪ್ಯಾಕೇಜು ಬಿಲ್ಡ್ ಸರ್ವರ್‌ನಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿ, 16 ಕೆಬಿ ಯಂತ್ರದಲ್ಲಿ ಪ್ರಾರಂಭದಲ್ಲೇ ಈ ಪುಟಗಾತ್ರಕ್ಕೆ ಬೆಂಬಲವಿಲ್ಲ ಎಂದು ಹೇಳಿ ನಿಲ್ಲುತ್ತದೆ. ಇದರ ಹತ್ತಿರದ ನಂಟಿನದು, ಬಿಲ್ಡ್ ಯಂತ್ರದ ಪ್ರೊಸೆಸರ್‌ನಲ್ಲಿರುವ ಸೂಚನೆಗಳನ್ನೆಲ್ಲ ಬಳಸುವಂತೆ ಕಂಪೈಲರ್‌ಗೆ ಹೇಳಿ ಕಟ್ಟಿದ ಪ್ಯಾಕೇಜು ಹಳೆಯ ಯಂತ್ರದಲ್ಲಿ ಅಮಾನ್ಯ ಸೂಚನೆ ಎಂದು ಸಾಯುವುದು. ಆದ್ದರಿಂದ ದೋಷ ವರದಿಯಲ್ಲಿ ಆರ್ಕಿಟೆಕ್ಚರ್‌ನ ಹೆಸರಿನ ಜೊತೆಗೆ ಪ್ರೊಸೆಸರ್ ಮಾದರಿ ಮತ್ತು ಪುಟದ ಗಾತ್ರವನ್ನೂ ಕೇಳಿ ಪಡೆಯುವುದು ಎಷ್ಟೋ ಗಂಟೆಗಳನ್ನು ಉಳಿಸುತ್ತದೆ.

32-ಬಿಟ್ ಯಂತ್ರಗಳಲ್ಲಿ ಈಚೆಗೆ ಸೇರಿಕೊಂಡ ಸಮಸ್ಯೆಯೊಂದು ಹೆಚ್ಚು ಗಮನಕ್ಕೆ ಅರ್ಹ. 32-ಬಿಟ್‌ನಲ್ಲಿ ಇಟ್ಟ ಸಮಯ 2038ರ ಜನವರಿ 19ರಂದು ಉಕ್ಕಿ ಹೋಗುತ್ತದೆ ಎಂಬ ಕಾರಣಕ್ಕೆ ಡೆಬಿಯನ್ 13ರಲ್ಲಿ 32-ಬಿಟ್ ಆರ್ಮ್‌ನ ಸಮಯ ಪ್ರಕಾರವನ್ನು 64 ಬಿಟ್‌ಗೆ ಏರಿಸಲಾಯಿತು. ಹಳೆಯ ಬೈನರಿಗಳು ಓಡಬೇಕೆಂಬ ಕಾರಣಕ್ಕೆ 32-ಬಿಟ್ ಎಕ್ಸ್86 ಆದ ಐ386 ಅನ್ನು ಮಾತ್ರ ಹಾಗೆಯೇ ಬಿಡಲಾಯಿತು. ಹೀಗಾಗಿ ಸಮಯದ ಗಾತ್ರ 8 ಬೈಟ್, ಲಾಂಗ್‌ನ ಗಾತ್ರ 4 ಬೈಟ್ ಎಂಬ ಜೋಡಿ ಹುಟ್ಟಿತು. ಸಮಯವನ್ನೂ ಅದರ ಹಿಂದೆಯೇ ಒಂದು ಹೆಸರನ್ನೂ ಪ್ರಿಂಟ್‌ಎಫ್ ಮೂಲಕ ಮುದ್ರಿಸುವ ಸಾಲಿನಲ್ಲಿ, ಸಮಯಕ್ಕೆ ಲಾಂಗ್‌ನ ಗುರುತನ್ನು ಬರೆದಿದ್ದರೆ ಏನಾಗುತ್ತದೆ ನೋಡಿ. ಆರ್ಮ್‌ನ ನಿಯಮದಂತೆ 8 ಬೈಟ್‌ನ ಬೆಲೆ ಸಮಸಂಖ್ಯೆಯ ರೆಜಿಸ್ಟರ್‌ನಿಂದ ಶುರುವಾಗುವ ಜೋಡಿಯಲ್ಲಿ ಕೂರಬೇಕು, ಆದ್ದರಿಂದ ನಡುವೆ ಒಂದು ರೆಜಿಸ್ಟರ್ ಖಾಲಿ ಉಳಿಯುತ್ತದೆ. ಪ್ರಿಂಟ್‌ಎಫ್ ಆ ಖಾಲಿ ರೆಜಿಸ್ಟರ್‌ನಲ್ಲಿದ್ದ ಕಸವನ್ನು ಸಮಯವೆಂದು ಮುದ್ರಿಸಿ, ಸಮಯದ ಅರ್ಧ ಭಾಗವನ್ನು ಹೆಸರಿನ ವಿಳಾಸವೆಂದು ತಿಳಿದು ಅಲ್ಲಿ ಓದಲು ಹೋಗಿ, ಸೆಗ್ಮೆಂಟೇಶನ್ ದೋಷದಿಂದ ಸಾಯುತ್ತದೆ. ಡೀಬಗರ್‌ನಲ್ಲಿ ತಪ್ಪು ವಿಳಾಸವನ್ನು ದಶಮಾನದಲ್ಲಿ ಮುದ್ರಿಸಿ ನೋಡಿದರೆ ಅದು 1970ರ ಆರಂಭದಿಂದ ಇಂದಿನವರೆಗಿನ ಸೆಕೆಂಡುಗಳ ಲೆಕ್ಕಕ್ಕೆ ಸರಿಯಾಗಿ ಹೊಂದಿರುತ್ತದೆ. ಇಂಥ ಸುಳಿವು ಸಿಕ್ಕ ಮೇಲೆ ಉಳಿದದ್ದು ಐದು ನಿಮಿಷದ ಕೆಲಸ. ವಿಳಾಸವನ್ನು ಹೆಕ್ಸಾಡೆಸಿಮಲ್‌ನಲ್ಲಷ್ಟೇ ನೋಡುತ್ತಾ ಕೂತರೆ ದಿನವೇ ಹೋಗಬಹುದು.

ಮೇಲಿನ ದೋಷಗಳಲ್ಲಿ ಬಹುಪಾಲು ಓಡಿಸಿದಾಗಲೆಲ್ಲ ಕಾಣುವಂಥವು. ಮೆಮೊರಿ ಕ್ರಮದ ದೋಷಗಳು ಹಾಗಲ್ಲ, ಮತ್ತು ಆರ್ಮ್ ಸರ್ವರ್‌ಗಳು ಹೆಚ್ಚಿದಂತೆ ನಾವು ಹೆಚ್ಚು ಭಯಪಡಬೇಕಾದದ್ದು ಇವುಗಳಿಗೇ ಎಂದು ನನ್ನ ಅಭಿಪ್ರಾಯ. ಒಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಉಳಿದವುಗಳ ಜೊತೆ ಏಕಕಾಲದಲ್ಲಿ ಓಡುವ ಎಳೆ) ಬಫರ್‌ನಲ್ಲಿ ದತ್ತಾಂಶ ಬರೆದು, ಆಮೇಲೆ "ಸಿದ್ಧ" ಎಂಬ ಧ್ವಜವನ್ನು 1 ಮಾಡುತ್ತದೆ. ಇನ್ನೊಂದು ಥ್ರೆಡ್ ಆ ಧ್ವಜಕ್ಕಾಗಿ ಕಾದು, 1 ಕಂಡ ಕೂಡಲೇ ಬಫರ್ ಓದುತ್ತದೆ. ಎಕ್ಸ್86ರಲ್ಲಿ ಒಂದು ಕೋರ್ ಮಾಡಿದ ಬರಹಗಳು ಉಳಿದ ಕೋರ್‌ಗಳಿಗೆ ಅದೇ ಕ್ರಮದಲ್ಲಿ ಕಾಣುತ್ತವೆ, ಓದುಗಳೂ ತಮ್ಮೊಳಗೆ ಹಿಂದುಮುಂದಾದಂತೆ ತೋರುವುದಿಲ್ಲ; ಹಾಗಾಗಿ ಕಂಪೈಲರ್ ಏನೂ ಕದಲಿಸದಿದ್ದರೆ ಈ ಕೋಡ್ ವರ್ಷಗಟ್ಟಲೆ ಓಡುತ್ತದೆ. ಆರ್ಮ್, ಪವರ್, ರಿಸ್ಕ್-ಫೈವ್‌ಗಳಲ್ಲಿ ಅಂಥ ಭರವಸೆ ಇಲ್ಲ. ಧ್ವಜ 1 ಆಗಿರುವುದು ಕಂಡರೂ ಬಫರ್‌ನಲ್ಲಿ ಹಳೆಯ ದತ್ತಾಂಶವೇ ಕಾಣಬಹುದು. ಧ್ವಜವನ್ನು ವೊಲಟೈಲ್ ಎಂದು ಘೋಷಿಸಿದ್ದೇನಲ್ಲ ಎಂಬ ಸಮರ್ಥನೆ ಇಲ್ಲಿ ತಪ್ಪದೆ ಕೇಳಿಬರುತ್ತದೆ. ಜಾವಾದಲ್ಲಿ ಆ ಪದ ಕ್ರಮದ ಭರವಸೆಯನ್ನು ಕೊಡುತ್ತದೆ, ಸಿ ಮತ್ತು ಸಿ++ನಲ್ಲಿ ಕೊಡುವುದಿಲ್ಲ. ಧ್ವಜವನ್ನು ಅಟಾಮಿಕ್ ಮಾಡಿ, ಬರೆಯುವ ಕಡೆ ರಿಲೀಸ್, ಓದುವ ಕಡೆ ಅಕ್ವೈರ್ ಎಂದು ಹೇಳುವುದೇ ಸರಿಯಾದ ದಾರಿ. ಎಕ್ಸ್86ರಲ್ಲಿ ಇವೆರಡೂ ಸಾಮಾನ್ಯ ಓದು-ಬರಹದ ಸೂಚನೆಗಳಾಗಿಯೇ ಕಂಪೈಲ್ ಆಗುತ್ತವೆ, ಯಂತ್ರಸೂಚನೆಯ ಮಟ್ಟದಲ್ಲಿ ಯಾವ ಹೆಚ್ಚುವರಿ ಖರ್ಚೂ ಇಲ್ಲ. ವೇಗ ಕಡಿಮೆಯಾಗುತ್ತದೆ ಎಂದು ಪ್ಯಾಚ್ ನಿರಾಕರಿಸುವವರಿಗೆ ಎರಡರ ಅಸೆಂಬ್ಲಿಯನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಬಹುದು.

ಈ ಬಗೆಯ ದೋಷ ಸಾವಿರ ಸಲ ಓಡಿಸಿದರೆ ಒಮ್ಮೆ ಕಾಣುತ್ತದೆ, ಡೀಬಗರ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟರೆ ಮಾಯವಾಗುತ್ತದೆ, ಒಂದು ಪ್ರಿಂಟ್ ಸಾಲು ಸೇರಿಸಿದರೂ ಮಾಯವಾಗುತ್ತದೆ. ಹಾಗಿರುವಾಗ ಅನುಮಾನವನ್ನು ಗಟ್ಟಿಮಾಡಿಕೊಳ್ಳುವ ಅಗ್ಗದ ಉಪಾಯವೊಂದಿದೆ: ಟಾಸ್ಕ್‌ಸೆಟ್ ಆದೇಶದಿಂದ ಪ್ರೋಗ್ರಾಮನ್ನು ಒಂದೇ ಕೋರ್‌ಗೆ ಕಟ್ಟಿ ಸಾವಿರಾರು ಸಲ ಓಡಿಸುವುದು. ಒಂದು ಕೋರ್ ತನ್ನ ಸ್ವಂತ ಓದು-ಬರಹಗಳನ್ನು ಕ್ರಮವಾಗಿಯೇ ಕಾಣುವುದರಿಂದ, ಆಗ ದೋಷ ಸಂಪೂರ್ಣ ನಿಂತುಹೋದರೆ ಮೆಮೊರಿ ಕ್ರಮವನ್ನು ಮೊದಲು ಶಂಕಿಸಬಹುದು. ಬೇರೆ ರೇಸ್‌ಗಳೂ (ಥ್ರೆಡ್‌ಗಳ ಪೈಪೋಟಿಯ ದೋಷಗಳೂ) ಹೀಗೆ ಕಟ್ಟಿದಾಗ ಅಪರೂಪವಾಗುವುದರಿಂದ ಇದು ಸಾಕ್ಷ್ಯವಷ್ಟೆ, ತೀರ್ಪಲ್ಲ. ತೀರ್ಪಿಗೆ ಥ್ರೆಡ್ ಸ್ಯಾನಿಟೈಸರ್ ಎಂಬ ಪರೀಕ್ಷಾ ಸಾಧನ ಬೇಕು. ಅದು ನಿಜವಾಗಿ ಕ್ರಮ ತಪ್ಪಿತೇ ಎಂದು ಕಾಯುತ್ತಾ ಕೂರುವುದಿಲ್ಲ. ಎರಡು ಥ್ರೆಡ್‌ಗಳ ಪ್ರವೇಶಗಳ ನಡುವೆ ಭಾಷೆಯ ನಿಯಮದಂತೆ ಮೊದಲು-ನಂತರದ ಸಂಬಂಧ ಇದೆಯೇ ಎಂದು ಪರಿಶೀಲಿಸುತ್ತದೆ. ಆದ್ದರಿಂದ ಆರ್ಮ್‌ನಲ್ಲಿ ಮಾತ್ರ ಕಾಣುವ ದೋಷವನ್ನು ಅದು ಎಕ್ಸ್86 ಲ್ಯಾಪ್‌ಟಾಪ್‌ನಲ್ಲಿಯೇ ತೋರಿಸಿಕೊಡಬಲ್ಲದು.

ಬೇರೆ ಯಂತ್ರ ಕೈಯಲ್ಲಿಲ್ಲದವರು ಮೊದಲು ಮೊರೆ ಹೋಗುವುದು ಬೇರೆ ಪ್ರೊಸೆಸರ್‌ನಂತೆ ನಟಿಸುವ ಕ್ಯೂಎಮು ತಂತ್ರಾಂಶದ ಅನುಕರಣೆಗೆ. ಕರ್ನೆಲ್‌ನ ಬಿನ್‌ಫಾರ್ಮ್ಯಾಟ್ ಸೌಲಭ್ಯದ ಜೊತೆ ಸೇರಿದಾಗ ಅನ್ಯ ಆರ್ಕಿಟೆಕ್ಚರ್‌ನ ಪ್ರೋಗ್ರಾಮ್ ಸ್ಥಳೀಯ ಪ್ರೋಗ್ರಾಮಿನಂತೆಯೇ ಓಡುತ್ತದೆ, ಬಹು-ಆರ್ಕಿಟೆಕ್ಚರ್ ಕಂಟೇನರ್‌ಗಳನ್ನು ಅನೇಕರು ಕಟ್ಟುವುದು ಹೀಗೆಯೇ. ಬೈಟ್ ಕ್ರಮ, ಕ್ಯಾರ್‌ನ ಚಿಹ್ನೆ, ಪ್ರಕಾರಗಳ ಗಾತ್ರ, ಎಫ್‌ಎಂಎ, ದಶಮಾಂಶದ ಬದಲಾವಣೆ ಇವೆಲ್ಲ ಅಲ್ಲಿ ನಿಷ್ಠೆಯಿಂದ ಮರುಕಳಿಸುತ್ತವೆ. ಎಸ್390ಎಕ್ಸ್‌ನ ಬೈಟ್ ಕ್ರಮದ ದೋಷಕ್ಕೆ ಮೇನ್‌ಫ್ರೇಮ್ ಬೇಕಾಗಿಲ್ಲ. ಆದರೆ ಅನುಕರಣೆ ಸುಳ್ಳು ಹೇಳುವ ಜಾಗಗಳನ್ನು ತಿಳಿದಿರಬೇಕು. ಅತಿಥಿ ಪ್ರೋಗ್ರಾಮಿನ ಥ್ರೆಡ್‌ಗಳು ಆತಿಥೇಯ ಎಕ್ಸ್86ರ ಥ್ರೆಡ್‌ಗಳಾಗಿಯೇ ಓಡುವುದರಿಂದ ಎಕ್ಸ್86ರ ಬಿಗಿಯಾದ ಮೆಮೊರಿ ಕ್ರಮವೇ ಅವಕ್ಕೆ ಸಿಗುತ್ತದೆ, ಅಂದರೆ ಸಡಿಲ ಕ್ರಮದಿಂದ ಹುಟ್ಟುವ ದೋಷ ಅಲ್ಲಿ ಅಡಗಿಬಿಡುತ್ತದೆ. ಇದರ ಇನ್ನೊಂದು ಮುಖ ಆಪಲ್‌ಗೆ ಎದುರಾಯಿತು: ಎಕ್ಸ್86 ಪ್ರೋಗ್ರಾಮ್‌ಗಳನ್ನು ಆರ್ಮ್ ಮೇಲೆ ಓಡಿಸುವ ರೊಸೆಟ್ಟಾ 2ಕ್ಕಾಗಿ ಅದು ತನ್ನ ಚಿಪ್‌ನಲ್ಲಿಯೇ ಎಕ್ಸ್86 ಮಾದರಿಯ ಮೆಮೊರಿ ಕ್ರಮಕ್ಕೆ ಬದಲಾಗುವ ವ್ಯವಸ್ಥೆಯನ್ನು ಇಟ್ಟಿದೆ. ಪುಟದ ಗಾತ್ರದ ದೋಷಗಳೂ ಬಳಕೆದಾರ ಮಟ್ಟದ ಅನುಕರಣೆಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಡೀಬಗರ್‌ಗಳು ಅವಲಂಬಿಸುವ ಪಿಟ್ರೇಸ್ ಕರೆಗೆ ಅಲ್ಲಿ ಬೆಂಬಲವಿಲ್ಲದ ಕಾರಣ ಒಳಗಿನಿಂದ ಜಿಡಿಬಿ ಡೀಬಗರ್ ಹಚ್ಚಲಾಗದು. ಕ್ಯೂಎಮುವಿನ ಜಿಡಿಬಿ ಪೋರ್ಟ್ ತೆರೆದು, ಹೊರಗಿನಿಂದ ಎಲ್ಲ ಆರ್ಕಿಟೆಕ್ಚರ್‌ಗಳನ್ನೂ ಬಲ್ಲ ಜಿಡಿಬಿ-ಮಲ್ಟಿಆರ್ಕ್ ಮೂಲಕ ಸಂಪರ್ಕಿಸಬೇಕು.

ಯಂತ್ರ ನಿಜವಾಗಲಿ, ಅನುಕರಣೆಯಾಗಲಿ, ಹುಡುಕಾಟದ ತಿರುಳು ಒಂದೇ: ಒಂದೇ ಇನ್‌ಪುಟ್ ಕೊಟ್ಟು ಎರಡು ಆರ್ಕಿಟೆಕ್ಚರ್‌ಗಳಲ್ಲಿ ಓಡಿಸಿ, ನಡುವಣ ಬೆಲೆಗಳನ್ನು ಒಂದೇ ಜಾಗಗಳಲ್ಲಿ ದಾಖಲಿಸಿ, ಎರಡೂ ದಾಖಲೆಗಳು ಮೊದಲು ಬೇರೆಯಾದ ಬಿಂದುವನ್ನು ಅರ್ಧರ್ಧವಾಗಿ ಕತ್ತರಿಸುತ್ತಾ ಹತ್ತಿರವಾಗುವುದು. ಕೊನೆಯಲ್ಲಿ ಕಂಡ ಕುಸಿತದಿಂದ ಹಿಂದಕ್ಕೆ ನಡೆಯುವುದಕ್ಕಿಂತ ಇದು ಬೇಗ ಮುಗಿಯುತ್ತದೆ, ಏಕೆಂದರೆ ಸರಿಯಾಗಿ ಓಡುವ ಪ್ರತಿಯೊಂದು ಕೈಯಲ್ಲೇ ಇರುವ ಸೌಕರ್ಯ ಸಾಮಾನ್ಯ ದೋಷಗಳಲ್ಲಿ ಸಿಗುವುದಿಲ್ಲ. ಶಂಕೆ ಒಂದು ದಿಕ್ಕಿಗೆ ವಾಲಿದ ಮೇಲೆ ದೋಷವನ್ನು ಮನೆಗೆ ಕರೆತರುವ ಆಯ್ಕೆಗಳಿವೆ. ಕ್ಯಾರ್ ಅನ್ನು ಚಿಹ್ನೆಯಿಲ್ಲದ್ದಾಗಿ ನೋಡುವಂತೆ ಎಕ್ಸ್86ರ ಜಿಸಿಸಿಗೇ ಹೇಳಬಹುದು, 32-ಬಿಟ್ ಬೈನರಿ ಕಟ್ಟಿಸಬಹುದು, ಎಫ್‌ಎಂಎ ಬಳಸುವಂತೆ ಮಾಡಬಹುದು. ತಪ್ಪು ಜೋಡಣೆಯ ವಿಳಾಸ, ಗಾತ್ರ ಮೀರಿದ ಶಿಫ್ಟ್, ಉಕ್ಕಿದ ಪೂರ್ಣಾಂಕಗಳನ್ನು ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್ ಯಾವ ಯಂತ್ರದಲ್ಲಾದರೂ ಹಿಡಿಯುತ್ತದೆ.

ಕಂಪೈಲರ್‌ನ ಮೇಲೆ ಅನುಮಾನ ಪಡುವುದು ಇವೆಲ್ಲ ಮುಗಿದ ಮೇಲೆ. ಆಪ್ಟಿಮೈಸೇಶನ್ ತೆಗೆದಾಗ ದೋಷ ಹೋಯಿತು ಎಂಬುದು ಕಂಪೈಲರ್ ತಪ್ಪಿತಸ್ಥ ಎಂಬುದಕ್ಕೆ ಪುರಾವೆಯಲ್ಲ. ಅರ್ಥವಿಲ್ಲದ ಕೋಡ್ ಬರೆದಾಗಲೂ ಹಾಗೆಯೇ ಆಗುತ್ತದೆ. ಅರ್ಧ ಕಡತಗಳನ್ನು ಆಪ್ಟಿಮೈಸ್ ಮಾಡಿ, ಅರ್ಧವನ್ನು ಮಾಡದೆ ಲಿಂಕ್ ಮಾಡುತ್ತಾ ತಪ್ಪಿತಸ್ಥ ಕಡತವನ್ನು, ಆಮೇಲೆ ಫಂಕ್ಷನ್ ಅನ್ನು ಹುಡುಕಿ, ಅದರ ಅಸೆಂಬ್ಲಿ ಓದಿ ಇಂಥ ಸೂಚನೆ ತಪ್ಪು ಎಂದು ತೋರಿಸುವವರೆಗೆ ಆರೋಪ ಆರೋಪವಾಗಿಯೇ ಉಳಿಯುತ್ತದೆ. ಹೊಸ ಆರ್ಕಿಟೆಕ್ಚರ್‌ಗಳಲ್ಲಿ, ಅದರಲ್ಲೂ ವೆಕ್ಟರ್ ಸೂಚನೆಗಳ ಕೋಡ್ ಉತ್ಪಾದನೆಯಲ್ಲಿ, ಕಂಪೈಲರ್ ದೋಷಗಳು ನಿಜಕ್ಕೂ ಸಿಗುತ್ತವೆ ಎಂಬುದನ್ನೂ ಹೇಳಬೇಕು.

ಇಷ್ಟೆಲ್ಲ ಯಾರು ಮಾಡಬೇಕು ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ಇನ್ನೂ ಸಿಕ್ಕಿಲ್ಲ. ಮೂಲ ಲೇಖಕರಲ್ಲಿ ಯಂತ್ರವಿಲ್ಲ, ಪ್ಯಾಕೇಜು ನಿರ್ವಾಹಕರಿಗೆ ಕೋಡಿನ ಒಳಗು ತಿಳಿಯದು, ಆರ್ಕಿಟೆಕ್ಚರ್ ತಂಡದವರು ಸಂಖ್ಯೆಯಲ್ಲಿ ಕಡಿಮೆ. ಡೆಬಿಯನ್ ತನ್ನ ಡೆವಲಪರ್‌ಗಳಿಗೆ ಪೋರ್ಟರ್‌ಬಾಕ್ಸ್ ಎಂಬ, ಬೇರೆಬೇರೆ ಆರ್ಕಿಟೆಕ್ಚರ್‌ಗಳ ಪರೀಕ್ಷಾ ಯಂತ್ರಗಳಿಗೆ ಪ್ರವೇಶ ಕೊಡುತ್ತದೆ, ಜಿಸಿಸಿ ಕಂಪೈಲ್ ಫಾರ್ಮ್ ಮುಕ್ತ ತಂತ್ರಾಂಶದ ಕೆಲಸಕ್ಕೆ ಹಲವು ಬಗೆಯ ಯಂತ್ರಗಳನ್ನು ತೆರೆದಿಟ್ಟಿದೆ. ಇವುಗಳ ಬಗ್ಗೆ ಮೂಲ ಲೇಖಕರಿಗೆ ಹೇಳುವುದೇ ಅರ್ಧ ಸಹಾಯ. ಇನ್ನರ್ಧ, ಐವತ್ತು ಸಾವಿರ ಸಾಲಿನ ಲಾಗ್‌ನ ಬದಲು ಒಂದೇ ಆದೇಶದಲ್ಲಿ ಮರುಕಳಿಸುವ ಸಣ್ಣ ಪ್ರೋಗ್ರಾಮ್ ಕಳಿಸುವುದು. ಈ ನಡುವೆ ಪಟ್ಟಿಯೂ ಕುಗ್ಗುತ್ತಿದೆ: 2023ರ ಡೆಬಿಯನ್ 12ರಲ್ಲಿ ಒಂಬತ್ತು ಅಧಿಕೃತ ಆರ್ಕಿಟೆಕ್ಚರ್‌ಗಳಿದ್ದವು, 13ರಲ್ಲಿ ಏಳು, ಎರಡು ಮಿಪ್ಸ್ ಬಗೆಗಳು ಹೋದವು, ಐ386 ಪಟ್ಟಿಯಿಂದ ಹೊರಬಿದ್ದು ಅದಕ್ಕೆ ಇನ್‌ಸ್ಟಾಲರ್ ಇಲ್ಲ, ಹಳೆಯ ಆರ್ಮ್ ಬಗೆಯಾದ ಆರ್ಮೆಲ್‌ಗೆ ಇದೇ ಕೊನೆಯ ಆವೃತ್ತಿ. ಸ್ವಯಂಸೇವಕರ ಸಮಯದ ದೃಷ್ಟಿಯಿಂದ ಇದು ಅನಿವಾರ್ಯವೇ ಇರಬಹುದು.

ನನಗೆ ಹೆಚ್ಚು ಆಕ್ಷೇಪವಿರುವುದು ಬಿದ್ದ ಪರೀಕ್ಷೆಯನ್ನು ಆ ಒಂದು ಆರ್ಕಿಟೆಕ್ಚರ್‌ನಲ್ಲಿ ಮೌನವಾಗಿ ನಿಷ್ಕ್ರಿಯಗೊಳಿಸುವ ರೂಢಿಗೆ. ಚಿತ್ರ ರಚಿಸುವ ಪ್ಯಾಕೇಜಿನ ಪರೀಕ್ಷೆ ಎಕ್ಸ್86ರಲ್ಲಿ ಬಂದ ಚಿತ್ರದ ಪ್ರತಿ ಪಿಕ್ಸೆಲನ್ನೂ ಬಯಸುತ್ತಿದ್ದರೆ ಅದನ್ನು ಕೈಬಿಡಲು ಅಡ್ಡಿಯಿಲ್ಲ. ದತ್ತಾಂಶವನ್ನು ಕಡತಕ್ಕೆ ಬರೆದು ಓದುವ ಪರೀಕ್ಷೆ ಎಸ್390ಎಕ್ಸ್‌ನಲ್ಲಿ ಬಿದ್ದಾಗ, ಇಲ್ಲವೇ ಥ್ರೆಡ್‌ಗಳ ಪರೀಕ್ಷೆ ಆರ್ಮ್64ರಲ್ಲಿ ಆಗೊಮ್ಮೆ ಈಗೊಮ್ಮೆ ಬಿದ್ದಾಗ ಹಾಗೆ ಮಾಡಿದರೆ, ಬಳಕೆದಾರರ ದತ್ತಾಂಶ ಕೆಡುವ ಪ್ಯಾಕೇಜನ್ನು ತಿಳಿದೂ ರವಾನಿಸಿದಂತೆ. ಸಮಯ ಸಾಲದೆ ನಿಷ್ಕ್ರಿಯಗೊಳಿಸಲೇಬೇಕಾಗಿ ಬಂದರೆ, ಕನಿಷ್ಠ ಅದೇ ಸಾಲಿನ ಮೇಲೆ ದೋಷದ ಸಂಖ್ಯೆಯನ್ನೂ ಎಲ್ಲಿಯವರೆಗೆ ಹುಡುಕಲಾಯಿತು ಎಂಬುದನ್ನೂ ಬರೆದಿಡಬೇಕು. ಎರಡು ವರ್ಷದ ಮೇಲೆ ಆ ಸಾಲನ್ನು ತೆಗೆಯಬಹುದೇ ಎಂದು ನೋಡುವವರಿಗೆ ಆ ಟಿಪ್ಪಣಿಯ ಹೊರತು ಬೇರೆ ಆಧಾರ ಇರುವುದಿಲ್ಲ.